ಶನಿವಾರದ ಕೈ

ಇಂದುಮತಿ ಮೇಡಂ ಯಾರನ್ನಾದರೂ ಮೊದಲ ಸಲ ಕಂಡಾಗ ನಮಸ್ಕಾರ ಮಾಡುತ್ತಿರಲಿಲ್ಲ. ಅವರ ಎರಡೂ ಕೈ ಹಿಡಿದು, ಮೆಲ್ಲಗೆ ತಮ್ಮ ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. ಗೊತ್ತಿಲ್ಲದವರು ಹೌಹಾರಿ ಕೈ ಎಳೆದುಕೊಳ್ಳುತ್ತಿದ್ದರು. ಗೊತ್ತಿದ್ದವರು ತಾವಾಗಿಯೇ ಚಾಚುತ್ತಿದ್ದರು. "ರಬ್ಬರ್ ಕೆಲಸ ಏನ್ರಿ?" "ಬ್ಯಾಟರಿ ಅಂಗಡಿ ಇರಬೇಕು." ಹೇಳಿದ್ದು ಬಹಳ ಸಲ ನಿಜವಾಗುತ್ತಿತ್ತು. ಎದುರಿನವರು ಬೆರಗಾಗುವಷ್ಟರಲ್ಲಿ ತಾವೇ ಆ ಬೆರಗನ್ನು ಇಳಿಸುತ್ತಿದ್ದರು. "ವಾಸನಿ ಪುರಾವೆ ಅಲ್ಲ ಮತ್ತ. ಅದು ಬರೇ ಬಾಗಲಾ ಬಡೀತೈತಿ. ಯಾರು ಬಂದಾರ ಅಂತ ಎದ್ದು ಹೋಗಿ ನೋಡಬೇಕು."

ಅವರ ಮನೆತನ ಬೀದರ್ ಕಡೆಯದು. ತಂದೆ ಸರ್ಕಾರಿ ಕಾರ್ಖಾನೆಯ ನೌಕರಿಗೆಂದು ತೆಲುಗು ನಾಡಿನ ದೊಡ್ಡ ಶಹರಕ್ಕೆ ಬಂದು, ಅಲ್ಲಿನ ಕುಷಾಯಿಗೂಡದಲ್ಲಿ ಮನೆ ಕಟ್ಟಿದ್ದರು. ಮೇಡಂ ಡಾಕ್ಟರಿಕೆ ಓದಿ, ದವಾಖಾನೆ ಇಡದೆ, ದುಡಿಯುವ ಜಾಗದ ವಿಷಗಳು ಮನುಷ್ಯನ ಮೈಗೆ ಏನು ಮಾಡುತ್ತವೆ ಎಂದು ಹುಡುಕುವ ಸರ್ಕಾರಿ ಸಂಸ್ಥೆಗೆ ಸೇರಿದವರು. ಎಕ್ಸ್-ರೇ ಕಿರಣ, ಬಣ್ಣ, ಅಂಟು, ಆಮ್ಲ, ಎಲ್ಲವೂ ಅವರ ಲೆಕ್ಕದಲ್ಲಿ ಬರುತ್ತಿತ್ತು.

ಅವರ ಕೈಕೆಳಗೆ ಕೆಲಸಕ್ಕೆಂದು ನಾನು ಸಂದರ್ಶನಕ್ಕೆ ಹೋದೆ. ನಮ್ಮ ಮನೆಯಲ್ಲಿ ಡಿಗ್ರಿ ಎಂದು ಮಾಡಿದವಳು ನಾನೊಬ್ಬಳೇ. ಯಾದಗಿರಿ ಕಡೆಯಿಂದ ಬಂದ ನಮ್ಮವ್ವ ನಾಚಾರಂನ ಶೆಡ್ಡೊಂದರಲ್ಲಿ ಪ್ಲಾಸ್ಟಿಕ್ ಚೀಲಗಳ ಮೇಲೆ ಅಚ್ಚು ಹಾಕುತ್ತಿದ್ದಳು. ಶಾಯಿ ತೆಳುವಾಗಲು ಥಿನ್ನರ್, ಅಚ್ಚು ಒರೆಸಲು ಥಿನ್ನರ್, ಕೊನೆಗೆ ಕೈ ತೊಳೆಯಲೂ ಥಿನ್ನರ್. ನಾನು ಓದಿದ್ದು ಆ ವಾಸನೆಯಲ್ಲೇ. ರಜೆಯಲ್ಲಿ ಅವ್ವನ ಜೊತೆ ನಾನೂ ಅಚ್ಚು ಹಾಕುತ್ತಿದ್ದೆ. ಅಂದೂ ಅಲ್ಲಿಂದಲೇ ಬಂದಿದ್ದರಿಂದ ಮೇಡಂ ನನ್ನ ಕೈ ಹಿಡಿದಾಗ ನಾಚಿಕೆಯಿಂದ ಸತ್ತೇಹೋದೆ.

"ಥಿನ್ನರ್," ಎಂದರು.

"ಹೌದ್ರಿ. ಅವ್ವನ ಶೆಡ್ಡಿನಾಗ..."

"ನಾಚಿಕಿ ಯಾಕ? ಆ ಶೆಡ್ಡಿನ ಓಣಿಗೆ ದಾರಿ ಗೊತ್ತಿದ್ದಾಕಿ ಬೇಕಾಗಿತ್ತು ನನಗ. ಡಿಗ್ರಿನೂ ಐತಿ. ನಾಳಿಂದ ಬಾ."

ಅವರ ಜೊತೆ ಮೊದಲು ಸುತ್ತಿದ್ದು ಸಣ್ಣ ಎಕ್ಸ್-ರೇ ಅಂಗಡಿಗಳನ್ನು. ಅಲ್ಲಿ ಕೆಲಸ ಮಾಡುವವರ ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಕೊಟ್ಟಿದ್ದೆವು. ಅಮೀರ್‌ಪೇಟ್‌ನ ಒಬ್ಬ ಹಿರಿಯ ಕೆಲಸಗಾರರ ಬ್ಯಾಡ್ಜ್ ಮಾತ್ರ ಪ್ರತಿ ಸಲ ವಿಕಿರಣದ ಗುರುತೇ ಇಲ್ಲದೆ ಚೊಕ್ಕವಾಗಿ ಬರುತ್ತಿತ್ತು. ಹೋಗಿ ನೋಡಿದರೆ ಅದು ವೆಂಕಟರಮಣನ ಪಟದ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಸರ್ಕಾರದ ವಸ್ತು, ಕಳೆದುಹೋದರೆ ಏನು ಗತಿ ಎಂದು ಅವರು ಭದ್ರವಾಗಿ ಇಟ್ಟಿದ್ದರು. ಮೇಡಂ ನಗಲೂ ಇಲ್ಲ, ಗದರಲೂ ಇಲ್ಲ. ಪಟಕ್ಕೆ ಕೈ ಮುಗಿದು, "ದೇವರಿಗೆ ಎಕ್ಸ್-ರೇ ಬೀಳಂಗಿಲ್ರಿ. ನಿಮಗ ಬೀಳ್ತೈತಿ," ಎಂದು ಬ್ಯಾಡ್ಜನ್ನು ಅವರ ಅಂಗಿಗೆ ತಾವೇ ಸಿಕ್ಕಿಸಿದರು.

ಆಮೇಲೆ ಬಂದದ್ದು ನಾಚಾರಂ ಶೆಡ್ಡುಗಳ ಸರದಿ. ಥಿನ್ನರ್ ತುಂಬಿದ ಗಾಳಿಯಲ್ಲಿ ದುಡಿಯುವವರ ಮೂತ್ರ ಪರೀಕ್ಷೆಗೆ ಸರ್ಕಾರ ಹಣ ಮಂಜೂರು ಮಾಡಿತು. ಉಸಿರಿನಲ್ಲಿ ಒಳಗೆ ಹೋದದ್ದು ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆದ್ದರಿಂದ ಕೆಲಸ ಬಿಟ್ಟ ಕೂಡಲೇ ಮೂತ್ರ ಹಿಡಿಯಬೇಕು. ಆದರೆ ಮಾಲೀಕರು, "ಕೆಲಸದ ದಿನ ಬೇಡ, ಭಾನುವಾರ ಕ್ಯಾಂಪ್ ಮಾಡಿಕೊಳ್ಳಿ," ಎಂದು ಪಟ್ಟು ಹಿಡಿದರು. ಇತ್ತ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ಹಣ ವಾಪಸ್ ಹೋಗುತ್ತಿತ್ತು. ಮೇಡಂ ಒಪ್ಪಿಕೊಂಡರು.

ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಹಬ್ಬವೇ ನೆರೆಯಿತು. ಡಾಕ್ಟರರ ಮುಂದೆ ಹೋಗುವುದೆಂದು ಎಲ್ಲರೂ ತಲೆ ಎರೆದುಕೊಂಡು, ಇಸ್ತ್ರಿ ಬಟ್ಟೆ ಉಟ್ಟು, ಹೂ ಮುಡಿದು ಬಂದಿದ್ದರು. ಒಂದಿಷ್ಟು ಜನ ಹಿಂದಿನ ದಿನ ರಜೆಯನ್ನೂ ಹಾಕಿದ್ದರು. ಅವ್ವ ನೆಂಟರ ಮದುವೆಗೆ ಉಡುವ ಸೀರೆ ಉಟ್ಟಿದ್ದಳು.

ವರದಿ ಬಂತು. ಎಲ್ಲರದ್ದೂ ಸರಿಯಾಗಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವ್ವನಿಗೆ ದಿನಾ ಸಂಜೆ ತಲೆ ಸಿಡಿಯುತ್ತಿತ್ತು. ಕೈಯಿಂದ ಸೌಟು ಜಾರುತ್ತಿತ್ತು. ಆ ಕಾಗದದ ಪ್ರಕಾರ ಅವಳಿಗೆ ಏನೂ ಆಗಿರಲಿಲ್ಲ. ಒಮ್ಮೆ ಸರ್ಕಾರದ ಮುದ್ರೆ ಬಿದ್ದರೆ ಇನ್ನು ಮುಂದೆ ಯಾರೂ ಕೇಳುವುದೂ ಇಲ್ಲ.

ಮೇಡಂ ಕನ್ನಡಕ ತೆಗೆದಿಟ್ಟರು. "ಕ್ಯಾಂಪಿನಾಗ ಅವರ ಕೈ ಏನ್ ನಾತಾ ಬರಾಕತ್ತಿತ್ತು, ಶರಣವ್ವ?"

"ಗಂಧದ ಸಾಬೂನ್ರಿ."

"ಎಲ್ಲಾರದೂ?"

"ಎಲ್ಲಾರದೂ."

"ಬ್ಯಾಡ್ಜ್ ದೇವರ ಮುಂದಿಟ್ಟಂಗ ಆತಲ್ಲ." ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು. "ಅವರು ನನಗ ಮರ್ಯಾದಿ ಕೊಟ್ರು. ನಾ ಅವರಿಗೆ ಏನ್ ಕೊಟ್ಟೆ?"

ಆ ವರದಿಯನ್ನು ಹಾಗೇ ಒಪ್ಪಿಸಿದ್ದರೆ ಮಾಲೀಕರು ಸನ್ಮಾನ ಮಾಡುತ್ತಿದ್ದರು, ಮೇಲಿನವರು ಶಹಬ್ಬಾಸ್ ಎನ್ನುತ್ತಿದ್ದರು. ನಿವೃತ್ತಿ ಹತ್ತಿರವಿತ್ತು, ಗೌರವದಿಂದ ಹೋಗಬಹುದಿತ್ತು. ಅವರು ಹಣ ಕೊಡುವ ಸಮಿತಿಯ ಮುಂದೆ ಮತ್ತೆ ನಿಲ್ಲುತ್ತೇನೆಂದರು. ನಾನು ಬಿಸಿರಕ್ತದವಳು. "ಮೇಡಂ, ಥಿನ್ನರ್ ಒರೆಸಿದ ಒಂದು ಅರಿವಿ ಡಬ್ಬ್ಯಾಗ ಒಯ್ದು ಸಮಿತಿಯವರ ಎಸಿ ರೂಮಿನ್ಯಾಗ ತಗದುಬಿಡೂಣ್ರಿ," ಎಂದೆ. ಅವರು ನನ್ನನ್ನು ಗದರಿದ್ದು ಅದೊಂದೇ ಸಲ. "ಹುಚ್ಚೀ, ಅವರೂ ಉಸಿರಾಡೋ ಮಂದಿ ಅಲ್ಲೇನು? ವಿಷ ಕುಡಿಸಿ ವಿಷ ತೋರಸ್ತಾರೇನು?"

ಸಮಿತಿಯ ಕೋಣೆಯಲ್ಲಿ ನಾನು ಕಡತ ಹಿಡಿದು ಹಿಂದೆ ಕೂತಿದ್ದೆ. ಒಬ್ಬರು ಹಿರಿಯರು ಹಿಂದಿಯಲ್ಲಿ ನಗುತ್ತಾ ಕೇಳಿದರು: "ಎಲ್ಲಾ ನಾರ್ಮಲ್ ಬಂದಿದೆಯಲ್ಲ ಮೇಡಂ? ಕಾಯಿಲೆ ಸಿಗಲಿಲ್ಲ ಅಂತ ಮತ್ತೆ ಹಣ ಕೇಳುತ್ತೀರಾ?"

"ಇದು ದುಡಿಮೆಯ ವರದಿ ಅಲ್ಲ ಸರ್, ಭಾನುವಾರದ ವರದಿ. ಭಾನುವಾರ ಏನೂ ಸಿಗದೆಂದು ಗೊತ್ತಿದ್ದೂ, ಮಾರ್ಚ್ ಮುಗಿಯುತ್ತದೆಂದು ಒಪ್ಪಿದೆ. ತಪ್ಪು ನನ್ನದು."

"ತಪ್ಪು ನಿಮ್ಮದೇ ಆದರೆ ಸರ್ಕಾರ ನಿಮಗೆ ಎರಡನೇ ಸಲ ಯಾಕೆ ಕೊಡಬೇಕು?"

"ನನಗೆ ಕೊಡಬೇಡಿ," ಎಂದರು ಮೇಡಂ. "ಬೇರೆ ಯಾರ ಹೆಸರಿಗಾದರೂ ಕೊಡಿ. ಆದರೆ ಶನಿವಾರ ಸಂಜೆಗೆ ಕೊಡಿ. ಫ್ಯಾಕ್ಟರಿ ಬಿಡುವ ಹೊತ್ತಿಗೆ."

ಸಮಿತಿ ಹಾಗೆಯೇ ಮಾಡಿತು. ಅವರೇ ಕಲಿಸಿ ಬೆಳೆಸಿದ ಕಿರಿಯ ವಿಜ್ಞಾನಿಯೊಬ್ಬನ ಹೆಸರಿಗೆ ಹಣ ಬಂತು. ಅವನು ಸಂಕೋಚದಿಂದ ತಲೆ ಎತ್ತದಿದ್ದಾಗ ಮೇಡಂ, "ಏನಪ್ಪಾ ಸಾಹೇಬ, ನನಗೇನ್ ಕೆಲಸ ಹಚ್ಚತಿ?" ಎಂದು ಕೇಳಿ ಬಾಟಲಿಗಳ ಟ್ರೇ ಎತ್ತಿಕೊಂಡರು.

ಶೆಡ್ಡುಗಳ ಗೇಟಿನೆದುರಿನ ಫಂಕ್ಷನ್ ಹಾಲಿನವರು ಜಾಗ ಕೊಟ್ಟರು. ಯಾರದೋ ನಿಶ್ಚಿತಾರ್ಥದ ಬಣ್ಣದ ಪರದೆಗಳು ಇನ್ನೂ ತೂಗುತ್ತಿದ್ದವು. ಪಾಳಿ ಬಿಟ್ಟ ಹೆಂಗಸರು ಮಸಿ ಮೆತ್ತಿದ ಸೀರೆಯಲ್ಲೇ ಸಾಲು ನಿಂತರು. ಮೇಡಂ ಒಬ್ಬೊಬ್ಬರ ಕೈ ಹಿಡಿಯುವುದನ್ನು ನೋಡಿ ಯಾದಮ್ಮ ಎಂಬಾಕೆ ತೆಲುಗಿನಲ್ಲಿ, "ಹೆಣ್ಣು ನೋಡೋಕೆ ಬಂದಿರೇನಮ್ಮಾ?" ಎಂದಳು. "ಹೌದಮ್ಮಾ, ವರದಕ್ಷಿಣೆ ಒಂದೇ ಬಾಟಲಿ," ಎಂದು ಮೇಡಂ ತೆಲುಗಿನಲ್ಲೇ ಹೇಳಿ ಖಾಲಿ ಬಾಟಲಿ ಕೈಗಿಟ್ಟರು. ಹಾಲೆಲ್ಲ ನಕ್ಕಿತು.

ಅವ್ವ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ಈ ಅವತಾರದಾಗ ಹ್ಯಾಂಗ ಬರ್ಲಿರಿ? ಎರಡ ತಂಬಿಗಿ ನೀರು ಸುರಕೊಂಡು ಬರ್ತೀನಿ."

"ಅಕ್ಕಾರ, ಜಳಕಾ ಮಾಡಿದ ನಿಮ್ಮನ್ನ ಹೋದ ಸಲ ನೋಡೀನಿ, ಭಾಳ ಚಂದ ಇದ್ರಿ. ಈ ಸಲ ದುಡಿಯೋ ನಿಮ್ಮನ್ನ ನೋಡಬೇಕಾಗೇತಿ."

"ಹೊಲಸ ನಾರಾಕತ್ತೀನ್ರಿ."

"ಅದಕ್ಕ ಬಂದೀನಿ. ಕೊಡ್ರಿ ಕೈ."

ಅವ್ವನ ಬಾಟಲಿಯನ್ನು ನಾನು ಮುಟ್ಟಬಾರದೆಂದು, ಮಗಳು ಕೈ ಹಚ್ಚಿದಳೆಂಬ ಮಾತು ಬರಬಾರದೆಂದು, ನನ್ನನ್ನು ಹೊರಗೆ ಕಳಿಸಿದರು.

ಈ ಸಲದ ವರದಿಯನ್ನು ಯಾರೂ ನಾರ್ಮಲ್ ಎನ್ನಲಿಲ್ಲ. ಅದರ ಮೇಲೆ ಮೇಡಂ ಹೆಸರು ಕೊನೆಯಲ್ಲಿ, ಸಹಾಯ ಮಾಡಿದವರ ಸಾಲಿನಲ್ಲಿತ್ತು. ತಪಾಸಣೆಯವರು ಬಂದರು. ಶೆಡ್ಡಿಗೆ ಗಾಳಿ ಎಳೆಯುವ ಫ್ಯಾನುಗಳು ಬಂದವು, ಡಬ್ಬಗಳಿಗೆ ಮುಚ್ಚಳ ಬಂತು, ಕೈ ತೊಳೆಯಲು ಸಾಬೂನು ಬಂತು. ಎಲ್ಲ ಶೆಡ್ಡಿಗೂ ಬರಲಿಲ್ಲ. ಅವ್ವನದಕ್ಕೆ ಬಂತು.

ಮೇಡಂ ನಿವೃತ್ತರಾದ ಮೇಲೆ ಹಾಸಿಗೆ ಹಿಡಿದರೆಂದು ಕೇಳಿ ಕುಷಾಯಿಗೂಡಕ್ಕೆ ಹೊರಟೆವು. ಶನಿವಾರ. ಅವ್ವ ಕೆಲಸ ಮುಗಿಸಿ ನೇರ ಬಸ್‌ಸ್ಟಾಪಿಗೆ ಬಂದಳು. ಮನೆಗೆ ಹೋಗಿ ಸೀರೆ ಬದಲಿಸು ಎಂದರೆ, "ಬ್ಯಾಡ. ಅವರಿಗೆ ಹಿಂಗ ಬೇಕು," ಎಂದಳು.

ಮೇಡಂ ಸೊರಗಿ ಹಿಡಿಯಷ್ಟಾಗಿದ್ದರು. ಮಾತು ಸಣ್ಣಗಾಗಿತ್ತು. ಅವ್ವ ಮಂಚದ ಪಕ್ಕ ಕೂತು, ಕೇಳುವ ಮುಂಚೆಯೇ ಎರಡೂ ಕೈ ಚಾಚಿದಳು. ಅವರು ಕಣ್ಣು ಮುಚ್ಚಿ ಮೂಸಿದರು. ಇನ್ನೊಮ್ಮೆ ಮೂಸಿದರು.

"ಉಳ್ಳಾಗಡ್ಡಿ. ಬುತ್ತಿ ಜೋಡಿ ಹಸೀದು ತಿಂದೀರಿ."

"ಹೌದ್ರೀ ಯಮ್ಮಾ!"

"ಥಿನ್ನರೂ ಐತಿ. ಆದ್ರ ಹಿಂದ ಐತಿ. ಮೊದಲ ಅದು ಮುಂದ ಇರ್ತಿತ್ತು." ಅವ್ವನ ಕೈ ಬಿಡದೆ ನನ್ನ ಕಡೆ ತಿರುಗಿದರು. "ವಾಸನಿ ಪುರಾವೆ ಅಲ್ಲ, ಶರಣವ್ವ. ಇನ್ನೊಮ್ಮೆ ತಪಾಸಿಗೆ ಹಣ ಕೇಳ್ರಿ."

ಕೇಳಿದ್ದೇವೆ. ಅರ್ಜಿ ನನ್ನ ಹೆಸರಿನಲ್ಲಿದೆ. ಯಾವ ವಾರ, ಎಷ್ಟು ಹೊತ್ತಿಗೆ ಎಂದು ಕೇಳಿದ ಕಡೆ ಶನಿವಾರ ಸಂಜೆ ಎಂದು ಬರೆದಿದ್ದೇನೆ. ಸಮಿತಿ ಇನ್ನೂ ಕರೆದಿಲ್ಲ. ಕರೆದು, ಹಣ ಬಂದು, ವರದಿ ಸಿಕ್ಕಾಗ ತೋರಿಸೋಣವೆಂದರೆ ಮೇಡಂ ಈಗ ಬದುಕಿಲ್ಲ.