ಬ್ರೇಕ್ ಮೇಷ್ಟ್ರ ಬಲಗಾಲು

ಅರ್ಧ ಊರಿಗೆ ಕಾರು ಕಲಿಸಿದವರು ಬ್ರೇಕ್ ಮೇಷ್ಟ್ರು. ಅವರ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇತ್ತು. ಮೇಷ್ಟ್ರ ಬಲಗಾಲು ಸದಾ ಅದರ ಮೇಲೆ. ರೂಢಿ ಎಷ್ಟು ಬಲಿತಿತ್ತೆಂದರೆ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಕೊನೆಗೆ ಸೋಫಾದಲ್ಲಿ ಕೂತು ಟಿವಿ ನೋಡುವಾಗಲೂ ನೆಲ ಒತ್ತುತ್ತಿದ್ದರು. ಹೆಂಡತಿಗೆ ಲೈಸೆನ್ಸ್ ಕೊಡಿಸಿದ್ದರು, ರಸ್ತೆ ಕೊಟ್ಟಿರಲಿಲ್ಲ. ಆಕೆ ಸ್ಟಿಯರಿಂಗ್ ಹಿಡಿದಾಗಲೆಲ್ಲ ಮೇಷ್ಟ್ರ ಕಾಲು ಬ್ರೇಕ್ ಒತ್ತಿ, ಕಾರು ಗೇಟಿನಲ್ಲೇ ಮುಗ್ಗರಿಸಿ ನಿಲ್ಲುತ್ತಿತ್ತು.

ಹೀಗಿರುವಾಗ ಮೇಷ್ಟ್ರ ಮೇದೋಜೀರಕ ಗ್ರಂಥಿಯ ತುದಿಯಲ್ಲಿ, ಡಾಕ್ಟರು ‘ಬಾಲ’ ಎನ್ನುವ ಕಡೆ, ಗಡ್ಡೆ ಕಾಣಿಸಿಕೊಂಡಿತು. ಜೀವಮಾನವೆಲ್ಲ ಶಿಷ್ಯರ ಬಾಲ ಕತ್ತರಿಸಿದವರ ಸ್ವಂತ ಬಾಲವೇ ಬಿಚ್ಚಿಕೊಂಡಿತ್ತು! ಈಗಲೇ ತೆಗೆಸದಿದ್ದರೆ ಆಮೇಲೆ ತೆಗೆಯಲೂ ಆಗುವುದಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಗೆ ಹೊಸದಾಗಿ ಆಪರೇಷನ್ ಮಾಡುವ ರೋಬೋಟ್ ಬಂದಿತ್ತು. ಹಜಾರದಲ್ಲಿ ಅದರದು ಆಳೆತ್ತರದ ಫೋಟೊ. ಡಾಕ್ಟರದು ಮೂಲೆಯಲ್ಲಿ, ಅಂಚೆಚೀಟಿಯಷ್ಟು.

"ಆಪರೇಷನ್ ಟೈಮಲ್ಲಿ ನೀವೆಲ್ಲಿರ್ತೀರಿ ಡಾಕ್ಟ್ರೇ?"

"ಅದೇ ರೂಮಲ್ಲಿ, ಒಂದು ಮೂಲೇಲಿ. ಪರದೆ ನೋಡ್ತಾ ನಾನು ಕೈ ಆಡಿಸಿದ ಹಾಗೆ ಅದರ ತೋಳು ಆಡತ್ತೆ. ತಾನಾಗೇ ಏನೂ ಮಾಡಲ್ಲ."

"ಅಂದ್ರೆ ಡ್ರೈವರು ಗಾಡೀಲೇ ಇಲ್ಲ! ಮತ್ತೆ ಬ್ರೇಕ್ ಯಾರ ಹತ್ರ?"

ಡಾಕ್ಟರು ನಕ್ಕು ರೋಬೋಟಿನ ಗುಣಗಾನ ಮುಂದುವರಿಸಿದರು. ಮೇಷ್ಟ್ರು ಎದ್ದು ಹೊರಟೇಬಿಟ್ಟರು.

ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. "ಎಲ್ಲಿಗ್ರೀ? ಗಡ್ಡೆಗೂ ಬ್ರೇಕ್ ಹಾಕ್ತೀರಾ?"

ಕೊನೆಗೆ ಡಾಕ್ಟರ ಸಹಾಯಕಿಯನ್ನು ಹುಡುಕಿ ಕರೆತಂದವರೂ ಆಕೆಯೇ.

"ನಾನು ನಿಮ್ಮ ಪಕ್ಕದಲ್ಲೇ ನಿಂತಿರ್ತೀನಿ ಸಾರ್," ಎಂದಳು ಸಹಾಯಕಿ. "ಏನಾದ್ರೂ ಎಡವಟ್ಟಾದ್ರೆ ನಿಲ್ಸಿ, ಅದರ ತೋಳು ಹೊರಗೆ ತೆಗೀತೀನಿ."

ಮೇಷ್ಟ್ರು ಅವಳ ಪಾದ ದಿಟ್ಟಿಸಿದರು. "ಚಪ್ಪಲಿ ಜಾರಲ್ಲ ತಾನೇ?" ಎಂದು ಕೇಳಿ ಒಪ್ಪಿಕೊಂಡರು.

ಹೊಟ್ಟೆಯಲ್ಲಿ ನಾಲ್ಕಾರು ಸಣ್ಣ ತೂತು, ಬಾಲ ಮಾಯ. ಗಡ್ಡೆ ಪೂರ್ತಿ ಬಂದಿದೆ ಎಂದರು ಡಾಕ್ಟರು. ಆಸ್ಪತ್ರೆಯವರು ಮೇಷ್ಟ್ರನ್ನೂ ರೋಬೋಟನ್ನೂ ನಿಲ್ಲಿಸಿ ಫೋಟೊ ತೆಗೆದರು. ರೋಬೋಟ್ ಚೆನ್ನಾಗಿ ಬಂದಿತ್ತು.

ಮನೆಗೆ ಹೊರಟ ದಿನ ಸ್ಕೂಲಿನ ಕಾರಿಗೆ ಹೆಂಡತಿಯೇ ಡ್ರೈವರು. ಆಸ್ಪತ್ರೆಯ ಗೇಟು ಬಂದದ್ದೇ ತಡ, ಮೇಷ್ಟ್ರ ಬಲಗಾಲು ಎದ್ದಿತು. ಹೊಲಿಗೆಗಳೆಲ್ಲ ಒಟ್ಟಿಗೇ ಚುರ್ ಎಂದವು.

"ಅಮ್ಮಾ!"

"ಒತ್ರೀ, ಒತ್ರೀ, ನೋಡೋಣ," ಎನ್ನುತ್ತ ಆಕೆ ಎರಡನೇ ಗೇರಿಗೆ ಹಾಕಿದರು. ಕಾರು ಗೇಟು ದಾಟಿತು.

ಹೊಟ್ಟೆ ಹಿಡಿದುಕೊಂಡು ಕೂತ ಮೇಷ್ಟ್ರು, ಬೇರೆ ಕೆಲಸವಿಲ್ಲದೆ, ಕಿಟಕಿಯಾಚೆ ನೋಡಿದರು. "ಈ ಅಂಗಡಿ ಯಾವಾಗ ಬಂತೇ?"

"ಇಪ್ಪತ್ತು ವರ್ಷ ಆಯ್ತು. ಗಾಡಿ ಓಡಿಸೋರ ಹತ್ರ ಮಾತಾಡ್ಬಾರ್ದು, ಸುಮ್ನೆ ಕೂತ್ಕೊಳ್ಳಿ," ಎಂದು ಮೂರನೇ ಗೇರು ಹಾಕಿದರು.