ಅನ್ನವ್ವನ ಗರಸಿನ ದಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಣ್ಣಿಗೇರಿಯ ಅಂಚಿಗೆ, ರೈಲು ಹಳಿಯ ಬಾಜೂಕಿನ ಕಾಲುದಾರಿಯಲ್ಲಿ ಅನ್ನವ್ವ ಬಗ್ಗಿ ನಿಂತಿದ್ದಾಳೆ. ರಾತ್ರಿ ಮಳೆ ಹೊಡೆದು ಹೋಗಿದೆ. ನಿಂತ ನೀರನ್ನು ಸಲಿಕೆಯಿಂದ ದಾರಿ ಬಿಡಿಸಿ ಹೊರಗೆ ಹರಿಸುತ್ತಾಳೆ. ಬುಟ್ಟಿಯಿಂದ ಗರಸು ಸುರಿದು ಬರಿಗಾಲಲ್ಲಿ ತುಳಿದು ಗಟ್ಟಿ ಮಾಡುತ್ತಾಳೆ. ಗರಸು ಅಂದರೆ ಹರಳು ಬೆರೆತ ಕೆಂಪು ಮಣ್ಣು. ಅಂಟುವ ಕಪ್ಪು ಎರೆಮಣ್ಣಿನ ಈ ಸೀಮೆಯಲ್ಲಿ ಮಳೆಗಾಲಕ್ಕೆ ಕಾಲು ಊರಲು ಅದೇ ಆಧಾರ.

“ಏಳಕ್ಕ ಹತ್ತಿ ಮಿಲ್ಲಿನ ಹೆಣಮಕ್ಕಳು ಬರ್ತಾರ್ರಿ, ಎಂಟೂವರಿಗೆ ಸಾಲಿ ಹುಡಿಗ್ಯಾರು. ಅಷ್ಟರಾಗ ಮುಗೀಬೇಕು,” ಅನ್ನುತ್ತಾಳೆ ಮಾತಾಡಿಸಲು ಬಂದ ನನಗೆ, ತಲೆ ಎತ್ತದೆ.

ದಾರಿಯ ತುದಿಗೆ ಸೈಕಲ್ ರಿಪೇರಿಯ ನಿಜಾಮಸಾಬ ಅಂಗಡಿ ತೆಗೆಯುತ್ತ ಕೂಗುತ್ತಾನೆ: “ಅಕ್ಕಾ, ದಾರಿ ಹಿಂಗ ನುಣ್ಣಗ ಮಾಡಿದ್ರ ನನಗ ಪಂಕ್ಚರ್ ಎಲ್ಲಿಂದ ಬರಬೇಕು?”

“ಅದಕ್ಕs ಮೊಳಿ ಒಗೀತೀ ಏನೋ? ನಿನ್ನೆ ಎರಡ ಸಿಕ್ಕಾವ ನೋಡು!”

ಅನ್ನವ್ವನಿಗೆ ಅರವತ್ತೊಂದು. ಮೂವತ್ತು ವರ್ಷ ಊರ ಓಣಿಗಳ ಕಸ ಗುಡಿಸಿದಾಕೆ. ಈ ದಾರಿಯ ಕೆಲಸವನ್ನು ಮಾತ್ರ ಯಾರೂ ಹಚ್ಚಿದ್ದಲ್ಲ. ಊರಾಚೆಯ ಪ್ಲಾಟಿನ ಮನೆಗಳಿಂದ ಊರಿಗೆ ಇದು ಒಂದೂಕಾಲು ಕಿಲೋಮೀಟರ್. ಡಾಂಬರು ರಸ್ತೆ ಹಿಡಿದರೆ ನಾಲ್ಕು, ಅದೂ ಲಾರಿಗಳ ನಡುವೆ. ಮಗಳು ಮಹಾನಂದಾ ಎಂಟನೆಯ ಇಯತ್ತೆಯಲ್ಲಿದ್ದಾಗ ಇಲ್ಲಿ ಬರೀ ಕೆಸರು. ಸೈಕಲ್ಲಿನ ಗಾಲಿಗೆ ಎರೆಮಣ್ಣು ಮೆತ್ತಿ ತಿರುಗುವುದೇ ನಿಂತುಬಿಡುತ್ತಿತ್ತು.

“ಸೈಕಲ್ಲು ಆಕೀನ್ನ ಹೊರೂದು ಬಿಟ್ಟು, ಆಕೀನs ಸೈಕಲ್ಲು ಹೊತ್ಕೊಂಡ ಹೋಗತಿದ್ಲು. ಒಂದಿನ ‘ಯವ್ವಾ, ಸಾಲಿ ಒಲ್ಲೆ’ ಅಂದ್ಲು. ನಾನೂ ಹೂಂ ಅಂದೆ. ಆ ಹೂಂ ಇನ್ನೂ ಗಂಟಲಾಗ ಐತ್ರಿ.”

ಮಗಳು ಸಾಲಿ ಬಿಟ್ಟ ಮರುವರ್ಷದ ಮಳೆಗಾಲಕ್ಕೇ ಅನ್ನವ್ವ ಬುಟ್ಟಿ ಹೊತ್ತಳು. ಅದಕ್ಕೀಗ ಹತ್ತೊಂಬತ್ತು ವರ್ಷ. ಟ್ರ್ಯಾಕ್ಟರಿನ ಈರಬಸಪ್ಪ ಆಗೊಮ್ಮೆ ಈಗೊಮ್ಮೆ ಒಂದು ಹೇರು ಗರಸು ಸುರುವಿ ಹೋಗುತ್ತಾನೆ. ಮಳೆಗಾಲದಲ್ಲಿ ದಿನಕ್ಕೆ ಇಪ್ಪತ್ತು ಬುಟ್ಟಿ ಬೇಕು.

ಹೋದ ವರ್ಷ ಗೂಡ್ಸ್ ಗಾಡಿಗಳಿಗೆ ಇನ್ನೊಂದು ಹಳಿ ಹಾಕುವ ಮಾತು ಬಂತು. ಅಳತೆಯವರು ಬಂದದ್ದು ಏಪ್ರಿಲ್‌ನಲ್ಲಿ, ಸಾಲಿ ಸೂಟಿಯಲ್ಲಿ. ಬೇಸಿಗೆಗೆ ಎರೆಹೊಲ ಒಣಗಿ ಕಲ್ಲಾಗಿರುತ್ತದೆ, ಜನ ಹೊಲದಲ್ಲೇ ಅಡ್ಡ ಹಾಯುತ್ತಾರೆ. ದಾರಿ ಬಿಕೋ ಅನ್ನುತ್ತಿತ್ತು. ‘ಬಳಕೆಯಲ್ಲಿಲ್ಲ’ ಎಂದು ಬರೆದುಕೊಂಡು, ನಟ್ಟನಡುವೆ ಕೆಂಪು ಬಣ್ಣದ ಕಲ್ಲುಗಳನ್ನು ನೆಟ್ಟು ಹೋದರು. ಪ್ಲಾಟಿನ ಹುಡುಗರು ಸಿಟ್ಟಿಗೆದ್ದು ಕೀಳಲು ಹೊರಟರು.

“ಕಲ್ಲ ಮುಟ್ಟಬ್ಯಾಡ್ರಲೇ,” ಅಂದಳು ಅನ್ನವ್ವ. “ಅವ್ರು ಬ್ಯಾಸಗ್ಯಾಗ ನೋಡ್ಯಾರ. ಮಳಿಗಾಲದಾಗ ಕರಸೂಣು.”

ರೈಲ್ವೆಗೆ ಅರ್ಜಿ ಬರೆದವಳು ಮಹಾನಂದಾ. ಜುಲೈನಲ್ಲಿ ಕೌಶಿಕ ಎಂಬ ತರುಣ ಇಂಜಿನಿಯರ್ ಬಂದರು. ಬಾಜೂಕಿನ ಹೊಲ ತೋರಿಸಿ, “ಇದರ ಅಂಚಿಗೆ ಹೋಗಬಹುದಲ್ಲಮ್ಮಾ?” ಅಂದರು.

“ಹೋಗಿ ನೋಡ್ರಿ ಸಾಹೇಬ್ರ. ನಾ ಇಲ್ಲೇ ನಿಂತಿರ್ತೀನಿ.”

ಎಂಟು ಹೆಜ್ಜೆ ಹೋದರು. ಒಂಬತ್ತನೆಯದಕ್ಕೆ ಕಾಲು ಮುಂದೆ ಬಂತು, ಬೂಟು ಹಿಂದೆ ಉಳಿಯಿತು. ನಿಜಾಮಸಾಬ ಮುಖ ತಿರುಗಿಸಿಕೊಂಡು ಅಂಗಡಿಯೊಳಗೆ ಹೊಕ್ಕ. ಅನ್ನವ್ವ ನಗಲಿಲ್ಲ. ಬೂಟು ಕಿತ್ತು, ಕಡ್ಡಿಯಿಂದ ಕೆರೆದು ತಂದುಕೊಟ್ಟಳು. ಇಂಜಿನಿಯರ್ ಒಳ್ಳೆಯ ಮನುಷ್ಯ. ಒಂಬತ್ತರವರೆಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ತಾವೇ ಎಣಿಸಿದರು: ಎಂಬತ್ನಾಲ್ಕು ಸೈಕಲ್ಲು, ನಡೆದು ಹೋದವರು ಇನ್ನೂರರ ಮೇಲೆ.

ಹೊಸ ನಕ್ಷೆಯಲ್ಲಿ ಹಳಿ ಅತ್ತ ಸರಿದಿದೆ. ನಡುವೆ ಬೇಲಿ, ಇತ್ತ ಎಂಟು ಅಡಿ ದಾರಿ. ಮೇಲಿನವರ ಸಹಿ ಬೀಳುವುದಷ್ಟೇ ಬಾಕಿ. ಈ ತುದಿಯ ಮೊದಲ ಕೆಂಪು ಕಲ್ಲನ್ನು ಇಂಜಿನಿಯರ್ ತಾವೇ ಬಂದು ಸರಿಸಿ ನೆಟ್ಟಿದ್ದಾರೆ.

“ಒಂದ ಸರದೈತಿ. ಉಳದೂವೂ ಸರೀತಾವ,” ಅನ್ನುತ್ತಾಳೆ. ದಾರಿಗೆ ಆಕೆಯ ಹೆಸರಿನ ಬೋರ್ಡು ಹಚ್ಚೋಣ ಅಂತ ಓಣಿಯವರ ಮಾತು. “ಹೆಸರ ಬ್ಯಾಡ್ರಿ. ಸೈಕಲ್ಲಿನ ಚಿತ್ರಾ ತಗೀಲಿ. ನನ್ನಂಗ ಓದಾಕ ಬರಲಾರದವ್ರಿಗೂ ತಿಳೀಬೇಕಲ್ಲ?”

ಹಿಂದಿನಿಂದ ಗಂಟೆ ಬಾರಿಸುತ್ತ ಸೈಕಲ್ಲೊಂದು ಬರುತ್ತದೆ. ಮಿಲ್ಲಿಗೆ ಹೊರಟ ಮಹಾನಂದಾ. “ಬಾಜೂ ಸರಿಯಬೇ ಯವ್ವಾ!” ಅನ್ನುತ್ತ ದಾಟಿ ಹೋಗುತ್ತಾಳೆ. ಅನ್ನವ್ವ ಮಗಳ ಮುಖ ನೋಡುವುದಿಲ್ಲ, ಗಾಲಿ ನೋಡುತ್ತಾಳೆ.

“ನೋಡಿದ್ರಿಲ್ಲ? ಒಂದ ಹನಿ ಕೆಸರ ಹತ್ತಿಲ್ಲ.”