ಹೆಂಡತಿ ಬರೆದ ನನ್ನ ಹೆಸರು

ಗೆಳೆಯರೇ, ಇಂಗ್ಲಿಷ್ ಬಲ್ಲೆನೆಂದು ಹೆಣ್ಣಿನವರಿಗೆ ಹೇಳಿದ್ದು ಸುಳ್ಳು. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು.

ಸಿರುಗುಪ್ಪದ ಅಕ್ಕಿ ಮಿಲ್ಲಿನ ನಮ್ಮ ಸಾವುಕಾರರು ಮದುವೆಯ ಉಡುಗೊರೆಯೆಂದು ಮದರಾಸಿನ ಕಡಲ ದಂಡೆಯ ದೊಡ್ಡ ಗೆಸ್ಟ್ ಹೌಸಿನಲ್ಲಿ ಒಂದು ರಾತ್ರಿಗೆ ಕೋಣೆ ಹಿಡಿಸಿದ್ದರು. ಇಂದು ಅಲ್ಲಿನ ಮ್ಯಾನೇಜರ್, ರಿಜಿಸ್ಟರಿನಲ್ಲಿ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಹರಕು ಕನ್ನಡದಲ್ಲಿ ಹೇಳಿದ.

“ನನಗ ಇಂಗ್ಲಿಷ್ ಬರಂಗಿಲ್ರಿ,” ಎಂದುಬಿಟ್ಟೆ, ಹೆಂಡತಿ ಗಂಗಮ್ಮನ ಎದುರೇ.

ಅವನು ನಕ್ಕು, ಹೆಬ್ಬೆಟ್ಟೊತ್ತಲು ಮಸಿ ತಂದಿಟ್ಟ.

ಗಂಗಮ್ಮ ಲೇಖನಿ ಕಸಿದುಕೊಂಡಳು. “ಮನಿಗೆ ಇಂಗ್ಲಿಷ್ ತಂತಿ ಬಂದಾಗ ಓದಿಸಾಕ ಓಡಿದ್ರಲ್ಲ, ಅವತ್ತ ಗೊತ್ತಾತು ಬಿಡ್ರಿ!”

ನನ್ನ ಹೆಸರನ್ನು ಎಂದೂ ಬಾಯಿಂದ ಹೇಳದವಳು ದಪ್ಪ ಕನ್ನಡ ಅಕ್ಷರಗಳಲ್ಲಿ ಅದನ್ನು ಬರೆದಳು, ಕೆಳಗೆ ತನ್ನದನ್ನೂ. ಮ್ಯಾನೇಜರನತ್ತ ತಿರುಗಿ, “ಓದಾಕ ಬರ್ಲಿಲ್ಲಂದ್ರ ಆ ಮಸಿ ನೀವ ಇಟ್ಕೋರಿ,” ಎಂದಳು.

ಅವನು ಮಸಿ ಎತ್ತಿಟ್ಟು ಕೀಲಿ ಕೊಟ್ಟ.

ಕಡಲು ನೋಡಲು ಬಂದ ನಾನು ಸಂಜೆಯಿಂದ ಹೆಂಡತಿಯನ್ನೇ ನೋಡುತ್ತಿದ್ದೇನೆ. ನಾಳೆ ಬೆಳಿಗ್ಗೆ ರೈಲಿಗೆ ಹೊರಡುತ್ತೇವೆ.